ಸಾರಕ್ಕಿ ಕೈಗಾರಿಕಾ ಬಡಾವಣೆ: ಕೈ ಬಲ್ಲವರಿಗೆ ಕಾಗದದ ತೊಡಕು

ಜೆ.ಪಿ. ನಗರ ಮೂರನೇ ಹಂತದ ಮನೆ, ನರ್ಸಿಂಗ್ ಹೋಂ, ದರ್ಶಿನಿಗಳ ಸಾಲು ದಾಟಿ ಸಾರಕ್ಕಿ ಕೈಗಾರಿಕಾ ಬಡಾವಣೆಗೆ ಕಾಲಿಟ್ಟರೆ ಮೂಗಿಗೆ ಮೊದಲು ತಾಗುವುದು ಕೂಲೆಂಟ್ ಎಣ್ಣೆಯ ವಾಸನೆ. ಒಂದು ಕಡೆ ಗಾಜಿನ ಮುಖದ ಕಚೇರಿ, ಅದರ ಪಕ್ಕದಲ್ಲೇ ಶೀಟಿನ ಮಾಡಿನ ಶೆಡ್ಡು. ಶೆಡ್ಡಿನ ಬಾಗಿಲಲ್ಲಿ ಗೋಣಿಚೀಲ ತುಂಬಿದ ಕಬ್ಬಿಣದ ಸುರುಳಿ, ಒಳಗೆ ಲೇತಿನ ಸದ್ದು. ದಕ್ಷಿಣ ಬೆಂಗಳೂರು ಅಂದರೆ ಉದ್ಯಾನ, ದೇವಸ್ಥಾನ, ಫಿಲ್ಟರ್ ಕಾಫಿ ಎಂದುಕೊಂಡವರು ಒಮ್ಮೆ ಈ ಬೀದಿಗಳಲ್ಲಿ ನಡೆಯಬೇಕು. ಇಲ್ಲಿ ಪಂಪಿನ ಬಿಡಿಭಾಗ, ಪ್ಯಾಕಿಂಗ್ ಯಂತ್ರದ ಗೇರು, ಆಸ್ಪತ್ರೆ ಮಂಚದ ಸ್ಕ್ರೂ ರಾಡು ತಯಾರಿಸುವವರು ಇನ್ನೂ ಇದ್ದಾರೆ. ಮೂರು ನಾಲ್ಕು ಜನರ ಕೆಲಸ, ಮಾಲೀಕನೂ ಮೆಷಿನ್ ಮುಂದೆ ನಿಲ್ಲುವ ಘಟಕಗಳು.

ಈ ಭಾಗದ ಚರಿತ್ರೆ ಚಿಕ್ಕದು. ಪಕ್ಕದ ಜಯನಗರಕ್ಕೆ ಶಂಕುಸ್ಥಾಪನೆಯಾದದ್ದು 1948ರಲ್ಲಿ, ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರಿಂದ. 1951ರಲ್ಲಿ ಮೈಕೋ ಕಂಪನಿ ಹುಟ್ಟಿ ಆಡುಗೋಡಿಯಲ್ಲಿ ಬೇರೂರಿತು. ಬಿಟಿಎಂ ಬಡಾವಣೆಯ ಮೈಕೋ ಲೇಔಟ್ ಎಂಬ ಹೆಸರು ಆ ದಿನಗಳ ಗುರುತು. 1953ರಲ್ಲಿ ಎಚ್‌ಎಂಟಿ ಬಂತು. ಇಂಥ ಕಾರ್ಖಾನೆಗಳಲ್ಲಿ ಕೈ ಪಳಗಿಸಿಕೊಂಡವರು, ಅವುಗಳಿಗೆ ಬಿಡಿಭಾಗ ಮಾಡಿಕೊಟ್ಟವರು ಊರಿನ ಮೂಲೆಮೂಲೆಯಲ್ಲಿ ಸಣ್ಣ ವರ್ಕ್‌ಶಾಪ್ ತೆರೆದರು. ಸಣ್ಣ ಕೈಗಾರಿಕೆಗೆ ಶೆಡ್ಡು ಕಟ್ಟಿಕೊಡಲು ಕೆಎಸ್‌ಎಸ್‌ಐಡಿಸಿ ಶುರುವಾದದ್ದು 1960ರಲ್ಲಿ. ಮೈಕೋ ಈಗ ಬಾಷ್ ಆಗಿದೆ, ಅದರ ತಯಾರಿಕೆ ಬಿಡದಿಗೆ ಹೋಗಿದೆ, ಆಡುಗೋಡಿಯ ಜಾಗದಲ್ಲಿ ತಂತ್ರಜ್ಞಾನ ಕ್ಯಾಂಪಸ್ ಎದ್ದಿದೆ. ಆ ಕಾಲದ ಕೈಗಳು ಮಾತ್ರ ಇಂಥ ಶೆಡ್ಡುಗಳಲ್ಲಿ ಉಳಿದಿವೆ.

ನೀಲಿ ಹಚ್ಚುವ ಯಜಮಾನರು

ಅಂಥ ಒಂದು ಜೊತೆ ಕೈ ಸಾರಕ್ಕಿಗೆ ಹೋದ ದಿನ ನನಗೆ ಸಿಕ್ಕಿತು. ಹಳೆಯ ಎಚ್‌ಎಂಟಿ ಲೇತೊಂದರ ಮೇಲೆ ಬಾಗಿ, ಕಾರ್ಬೈಡ್ ತುದಿಯ ಸ್ಕ್ರೇಪರನ್ನು ಸೊಂಟಕ್ಕೆ ಒತ್ತಿಕೊಂಡು ಅದರ ತಳದ ಹಾಸು, ಅಂದರೆ ಬೆಡ್ ಕೆರೆಯುತ್ತಿದ್ದರು ಅರವತ್ತು ದಾಟಿದ ಯಜಮಾನರು. ಕುಣಿಗಲ್ ಕಡೆಯವರು. ‘ಹೆಸರು ಹಾಕ್ಬೇಡಿ ಸಾರ್, ಕೆಲಸ ಬರೀರಿ’ ಅಂದರು. ಆಮೇಲೆ ಮಾತು ನಿಲ್ಲಿಸಲಿಲ್ಲ.

‘ಬೆಡ್ಡು ಸವೆದಿದ್ರೆ ನೀವು ಏನ್ ಮಾಡಿದ್ರೂ ಜಾಬು ಟೇಪರ್ ಬರುತ್ತೆ. ಗ್ರೈಂಡಿಂಗ್‌ಗೆ ಕಳಿಸಬಹುದು, ಕಳಿಸ್ತಾರೆ. ಆದ್ರೆ ಸ್ಯಾಡಲ್ಲು ಬೆಡ್ ಮೇಲೆ ಕೂರ್ಬೇಕಲ್ಲ, ಅದಕ್ಕೆ ಕೈಯೇ ಬೇಕು’ ಎನ್ನುತ್ತ ತೋರಿಸಿದರು. ಸಮತಟ್ಟಾದ ಮಾಸ್ಟರ್ ಪಟ್ಟಿಗೆ ನೀಲಿ ಬಣ್ಣ ತೆಳ್ಳಗೆ ಹಚ್ಚಿ ಬೆಡ್ಡಿನ ಮೇಲೆ ಉಜ್ಜುತ್ತಾರೆ. ಎಲ್ಲಿ ಉಬ್ಬಿದೆಯೋ ಅಲ್ಲಿ ನೀಲಿ ಚುಕ್ಕೆ ಹತ್ತುತ್ತದೆ. ಆ ಚುಕ್ಕೆಗಳನ್ನಷ್ಟೇ ಕೆರೆಯಬೇಕು. ಮತ್ತೆ ನೀಲಿ, ಮತ್ತೆ ಉಜ್ಜು, ಮತ್ತೆ ಕೆರೆ. ಚುಕ್ಕೆಗಳು ಒಂದೇ ಸಮನಾಗಿ ಎಲ್ಲ ಕಡೆ ಹರಡುವ ತನಕ ಇದೇ ಕೆಲಸ. ಕೆರೆದ ಸಣ್ಣ ಗುಳಿಗಳಲ್ಲಿ ಎಣ್ಣೆ ನಿಂತು ಬೆಡ್ಡಿನ ಮೇಲೆ ಓಡಾಡುವ ಸ್ಯಾಡಲ್ಲು ಸಲೀಸಾಗಿ ಜಾರುತ್ತದೆ. ದೊಡ್ಡ ಬೆಡ್ಡಾದರೆ ವಾರಗಟ್ಟಲೆ ಹಿಡಿಯುತ್ತದೆ. ಕೆರೆದ ಮೇಲ್ಮೈ ಮೇಲೆ ಬೆಳಕು ಬಿದ್ದಾಗ ಮೂಡುವ ವಿನ್ಯಾಸ ನೋಡಿದರೆ ಇದು ರಿಪೇರಿ ಅನ್ನಿಸುವುದಿಲ್ಲ, ಕುಸುರಿ ಅನ್ನಿಸುತ್ತದೆ.

‘ಈ ಕೆಲಸ ಕಲಿಯೋಕೆ ಯಾರು ಬರ್ತಾರೆ ಸಾರ್? ಸೊಂಟ ಹೋಗುತ್ತೆ, ಕಣ್ಣು ಹೋಗುತ್ತೆ. ನನ್ನ ಮಗ ಕ್ಯಾಬ್ ಓಡಿಸ್ತಾನೆ.’ ಹೇಳುವಾಗ ಅವರ ದನಿಯಲ್ಲಿ ಬೇಸರವಿರಲಿಲ್ಲ. ಕೇಳುವ ನನಗೆ ಇತ್ತು.

ಈ ಯಜಮಾನರ ಬಗ್ಗೆ ಇಷ್ಟು ಬರೆಯಲು ಕಾರಣವಿದೆ. ಇಲ್ಲಿ ಹೊಸದಾಗಿ ವರ್ಕ್‌ಶಾಪ್ ತೆರೆಯುವ ಹುಡುಗನಿಗೆ ಮೊದಲ ಬೆಂಬಲ ಸಿಗುವುದು ಇಂಥವರಿಂದ. ಹೊಸ ಸಿಎನ್‌ಸಿ ಲೇತಿನ ಬೆಲೆ ಹತ್ತು ಲಕ್ಷ ದಾಟುತ್ತದೆ. ಮುಚ್ಚಿದ ಕಾರ್ಖಾನೆಯಿಂದ ಬಂದ ಎನ್‌ಎಚ್-22 ಲೇತನ್ನು ಇವರು ಕೆರೆದು ಸರಿಮಾಡಿ ಕೊಟ್ಟರೆ ಹೊಸದರ ಬೆಲೆಯ ಒಂದು ಪಾಲಿನ ಹಣದಲ್ಲಿ ಅಂಗಡಿ ಎದ್ದು ನಿಲ್ಲುತ್ತದೆ. ಶೆಡ್ಡಿನ ಅಡ್ವಾನ್ಸಿಗೆ ಹೆಂಡತಿಯ ಒಡವೆ ಬ್ಯಾಂಕಿಗೆ ಹೋಗುತ್ತದೆ. ಕಬ್ಬಿಣದ ವ್ಯಾಪಾರಿ ಗುರುತಿನ ಮೇಲೆ ರೌಂಡ್ ಬಾರ್ ಸಾಲ ಕೊಡುತ್ತಾನೆ. ಹತ್ತಿರದ ದೊಡ್ಡ ಘಟಕ ತನ್ನಲ್ಲಿ ಹೆಚ್ಚಾದ ಜಾಬ್‌ವರ್ಕ್ ಕಳಿಸುತ್ತದೆ. ಮಿಲ್ಲಿಂಗ್ ಬೇಕಾದರೆ ಎದುರಿನ ಶೆಡ್ಡು, ಕೀವೇ ಹೊಡೆಸಲು ಆಚೆ ಬೀದಿ. ಬಡಾವಣೆಯೇ ಒಂದು ಕಾರ್ಖಾನೆಯಂತೆ ನಡೆಯುತ್ತದೆ.

ಯೋಜನೆ ಇದೆ, ಮೆಟ್ಟಿಲು ಎತ್ತರ

ಸರ್ಕಾರದ ಬೆಂಬಲ ಇಲ್ಲವೆನ್ನಲಾಗದು, ಬೇಕಾದಷ್ಟಿದೆ. 2020ರ ಜುಲೈ 1ರಿಂದ ಇರುವ ಉದ್ಯಮ್ ನೋಂದಣಿಗೆ ಆಧಾರ್, ಪ್ಯಾನ್ ಸಾಕು. ಒಂದು ರೂಪಾಯಿಯೂ ಶುಲ್ಕವಿಲ್ಲ, ಮಧ್ಯವರ್ತಿಗೆ ಯಾರೂ ಹಣ ಕೊಡಬೇಕಿಲ್ಲ. ಅಡಮಾನವಿಲ್ಲದ ಸಾಲಕ್ಕೆ ಖಾತರಿ ನಿಲ್ಲುವ ಸಿಜಿಟಿಎಂಎಸ್‌ಇ ನಿಧಿ 2000ದಿಂದಲೂ ಇದೆ. ಹೊಸ ಘಟಕಕ್ಕೆ 2008ರಲ್ಲಿ ಶುರುವಾದ ಕೇಂದ್ರದ ಪಿಎಂಇಜಿಪಿ ಯೋಜನೆ ಇದೆ. ತಯಾರಿಕಾ ಘಟಕವಾದರೆ 50 ಲಕ್ಷ ರೂಪಾಯಿ ತನಕದ ಯೋಜನೆಗೆ ನೆರವು. ನಗರದಲ್ಲಿ ಸಾಮಾನ್ಯ ವರ್ಗಕ್ಕೆ ಸಬ್ಸಿಡಿ ಶೇ 15, ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು ಮೊದಲಾದವರಿಗೆ ಶೇ 25. ಅಂದರೆ 20 ಲಕ್ಷದ ಘಟಕಕ್ಕೆ ಮೂರರಿಂದ ಐದು ಲಕ್ಷ. ಈ ಹಣ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು, ಘಟಕ ನಡೆಯುತ್ತಿದೆ ಎಂದು ಖಚಿತವಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಹಾದಿ ತಪ್ಪದಿರಲೆಂದು ಮಾಡಿದ ಒಳ್ಳೆಯ ಏರ್ಪಾಡು.

ತೊಡಕು ಬೇರೆ ಕಡೆ ಇದೆ. ತಯಾರಿಕಾ ಘಟಕದ ವೆಚ್ಚ ಹತ್ತು ಲಕ್ಷ ದಾಟಿದರೆ ಅರ್ಜಿದಾರ ಎಂಟನೇ ತರಗತಿ ಪಾಸಾಗಿರಬೇಕು. ನಮ್ಮ ಯಜಮಾನರು ಓದಿದ್ದು ಆರನೇ ತರಗತಿ. ಅವರ ಹತ್ತಿರ ಕೆಲಸ ಕಲಿತು ಈಗ ಪಕ್ಕದ ಬೀದಿಯಲ್ಲಿ ಸ್ವಂತ ಅಂಗಡಿ ಇಡಲು ಹೊರಟಿರುವ ಐಟಿಐ ಹುಡುಗ ಅಷ್ಟು ದೊಡ್ಡ ಘಟಕಕ್ಕೆ ನೆರವು ಪಡೆಯಲು ಅರ್ಹ, ಕಲಿಸಿದ ಗುರು ಅರ್ಹರಲ್ಲ. ‘ಅವನಿಗೆ ಸಿಗಲಿ ಸಾರ್, ಒಳ್ಳೇ ಹುಡುಗ’ ಎಂದು ಯಜಮಾನರು ಮನಸಾರೆ ಹೇಳಿದರು. ಕುಶಲಕರ್ಮಿಗಳಿಗೆಂದೇ 2023ರ ಸೆಪ್ಟೆಂಬರ್ 17ರಂದು ಬಂದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಕಮ್ಮಾರರಿದ್ದಾರೆ, ಬೀಗ ಮಾಡುವವರಿದ್ದಾರೆ, ಸುತ್ತಿಗೆ ಮತ್ತು ಉಪಕರಣ ಮಾಡುವವರಿದ್ದಾರೆ. ಲೇತ್ ಟರ್ನರ್ ಇಲ್ಲ, ಸ್ಕ್ರೇಪಿಂಗ್ ಮಾಡುವವರೂ ಇಲ್ಲ. ಎರಡು ಯೋಜನೆಗಳ ನಡುವಿನ ಸಂದಿಯಲ್ಲಿ ಇವರು ಸಿಕ್ಕಿಕೊಂಡಿದ್ದಾರೆ.

ಬೆಳೆಯುವ ಹಂತದಲ್ಲಿ ಕಾಡುವುದು ಬಾಕಿ ಹಣ. ಸಣ್ಣ ಘಟಕದಿಂದ ಮಾಲು ತೆಗೆದುಕೊಂಡವರು 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದು ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) 2006ರ ಕಾಯ್ದೆ ಹೇಳುತ್ತದೆ. ಬಾಕಿ ಉಳಿಸಿಕೊಂಡವರು ಆ ಖರ್ಚಿಗೆ ಆದಾಯ ತೆರಿಗೆಯಲ್ಲಿ ಅದೇ ವರ್ಷ ಕಡಿತ ಪಡೆಯುವಂತಿಲ್ಲ ಎಂಬ ನಿಯಮ 2023-24ರ ಲೆಕ್ಕವರ್ಷದಿಂದ ಜಾರಿಯಲ್ಲಿದೆ. ದೂರು ಕೊಡಲು ಮಂಡಳಿಯೂ ಇದೆ. ಆದರೆ ಪಂಪಿನ ಬಿಡಿಭಾಗ ಮಾಡುವ ಒಬ್ಬರು ಹೇಳಿದ್ದು ಇಷ್ಟು: ‘ಕಂಪ್ಲೇಂಟ್ ಕೊಟ್ರೆ ದುಡ್ಡು ಬರುತ್ತೆ, ಮುಂದಿನ ಆರ್ಡರ್ ಹೋಗುತ್ತೆ.’ ಅಕ್ಕಪಕ್ಕದ ಶೆಡ್ಡಿನವರು ತಲೆಯಾಡಿಸಿದರು.

ಎಲ್ಲವೂ ರಾಜಾಜಿನಗರದಲ್ಲಿ

ನೆರವಿನ ಕಚೇರಿಗಳ ವಿಳಾಸ ಬರೆದುಕೊಂಡರೆ ಒಂದು ಸಂಗತಿ ಎದ್ದು ಕಾಣುತ್ತದೆ. ಬೆಂಗಳೂರು ನಗರ ಜಿಲ್ಲಾ ಕೈಗಾರಿಕಾ ಕೇಂದ್ರ, ಕೆಎಸ್‌ಎಸ್‌ಐಡಿಸಿ, ಕೇಂದ್ರದ ಎಂಎಸ್‌ಎಂಇ ಕಚೇರಿ, ಉಪಕರಣಾಗಾರವೂ ತರಬೇತಿ ಕೇಂದ್ರವೂ ಆದ ಜಿಟಿಟಿಸಿ, ಮಹಿಳಾ ಉದ್ಯಮಿಗಳಿಗಾಗಿ 1983ರಲ್ಲಿ ಹುಟ್ಟಿದ ಅವೇಕ್ ಎಲ್ಲವೂ ರಾಜಾಜಿನಗರದಲ್ಲಿವೆ. ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ ವಿಜಯನಗರದಲ್ಲಿದೆ. ಮೆಟ್ರೊ ಹಸಿರು ಮಾರ್ಗ ಬಂದ ಮೇಲೆ ಜೆ.ಪಿ. ನಗರದಲ್ಲಿ ಹತ್ತಿದವರು ನೇರ ರಾಜಾಜಿನಗರದಲ್ಲಿ ಇಳಿಯಬಹುದು, ಅದೇ ರೈಲಿನಲ್ಲಿ ಪೀಣ್ಯಕ್ಕೂ ಹೋಗಬಹುದು. ಡ್ರಾಯಿಂಗು, ಸ್ಯಾಂಪಲ್ ಪೀಸು ಚೀಲದಲ್ಲಿಟ್ಟುಕೊಂಡು ಹೀಗೆ ಓಡಾಡುವವರಿದ್ದಾರೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾಗಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರವೂ ಹತ್ತಿರವಾಗಿದೆ. ಆದರೆ ಮಾಲೀಕನೇ ಮೆಷಿನ್ ನಿಲ್ಲಿಸಿ ಹೋಗಬೇಕಾದ ಕಡೆ, ಒಂದು ಸಹಿಗಾಗಿ ಅರ್ಧ ದಿನ ಕಳೆದರೆ ಆ ದಿನದ ಸಂಪಾದನೆ ಹೋದಂತೆ.

ದಕ್ಷಿಣದಲ್ಲಿ ಏನೂ ಇಲ್ಲವೆಂದಲ್ಲ. ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ 2000ದಿಂದ ಎನ್‌ಎಸ್‌ಆರ್‌ಸಿಇಎಲ್ ಎಂಬ ಉದ್ಯಮಶೀಲತಾ ಕೇಂದ್ರವಿದೆ, ಇನ್ಫೊಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್.ಎಸ್. ರಾಘವನ್ ಅವರ ಹೆಸರಿನದು. ಬಿಟಿಎಂ ಬಡಾವಣೆಯ ರೇಷ್ಮೆ ಮಂಡಳಿ ಆವರಣದಲ್ಲಿ ನೂಲು ಬಿಚ್ಚಣಿಕೆ ಯಂತ್ರಗಳನ್ನು ರೂಪಿಸುವ, ರೇಷ್ಮೆ ಪರೀಕ್ಷಿಸುವ ಸಂಶೋಧನಾ ಸಂಸ್ಥೆ ಇದೆ. ಸಾರಕ್ಕಿಯಲ್ಲಿ ನಾನು ಮಾತನಾಡಿಸಿದವರಿಗೆ ಐಐಎಂ ಗೊತ್ತಿದ್ದದ್ದು ಬಸ್ ನಿಲ್ದಾಣವಾಗಿ. ಅಷ್ಟು ಹತ್ತಿರದಲ್ಲಿರುವ ಕೇಂದ್ರ ಈ ಬೀದಿಗೂ ಒಮ್ಮೆ ಬಂದರೆ ಎಷ್ಟು ಚೆನ್ನ.

ಕಾಲ ಬಹಳ ಇಲ್ಲ. ಬಾಡಿಗೆ ಏರುತ್ತಿದೆ, ಶೆಡ್ಡು ಮಾರಿದರೆ ಅಲ್ಲಿ ಅಪಾರ್ಟ್‌ಮೆಂಟೋ ಕಚೇರಿಯೋ ಏಳುತ್ತದೆ. ಹೊಸದಾಗಿ ಬಂದ ನಿವಾಸಿಗಳಿಗೆ ಲೇತಿನ ಸದ್ದು ಕಿರಿಕಿರಿ, ಅವರ ಕಷ್ಟವೂ ನಿಜ. ಕೆಲವರು ಈಗಾಗಲೇ ಕನಕಪುರ ರಸ್ತೆಯ ಆಚೆಗೆ ಸರಿದಿದ್ದಾರೆ. ಘಟಕಗಳು ಚದುರಿದರೆ ಎದುರಿನ ಶೆಡ್ಡಿನ ಮಿಲ್ಲಿಂಗು, ಪಕ್ಕದವರ ಜಾಬ್‌ವರ್ಕು ಎಲ್ಲವೂ ಚದುರುತ್ತದೆ, ಮುಂದಿನ ಹುಡುಗ ಅಂಗಡಿ ತೆರೆಯುವ ದಾರಿಯೇ ಮುಚ್ಚುತ್ತದೆ.

ಆಗಬೇಕಾದ್ದು ಎರಡು. ಜಿಲ್ಲಾ ಕೈಗಾರಿಕಾ ಕೇಂದ್ರ ವಾರಕ್ಕೊಂದು ದಿನ ಸಾರಕ್ಕಿಗೆ ಬಂದು ಕನ್ನಡದಲ್ಲಿ ಅರ್ಜಿ ತುಂಬಿಸಿಕೊಡಲಿ, ಹೊಸ ಬೆಂಗಳೂರು ದಕ್ಷಿಣ ನಗರ ಪಾಲಿಕೆ ಅದಕ್ಕೊಂದು ಕೋಣೆ ಕೊಡಲಿ. ಎರಡನೆಯದು, ಎಂಟನೇ ತರಗತಿಯ ಅಂಕಪಟ್ಟಿಯ ಬದಲಿಗೆ ಜಿಟಿಟಿಸಿಯಂಥ ಸಂಸ್ಥೆ ನಡೆಸುವ ಕೌಶಲ ಪರೀಕ್ಷೆಯ ಪ್ರಮಾಣಪತ್ರವನ್ನೂ ಒಪ್ಪುವಂತೆ ರಾಜ್ಯ ಸರ್ಕಾರ ಕೇಂದ್ರವನ್ನು ಕೇಳಬೇಕು. ಲೇತಿನ ಬೆಡ್ಡನ್ನು ಕೈಯಲ್ಲೇ ಸಮ ಮಾಡಬಲ್ಲವರಿಗೆ ಆ ಪರೀಕ್ಷೆ ಕಷ್ಟವಾಗದು.