ಬೂತಾಯಿ: ಮಳೆಗಾಲ ಸಾಕುವ ಮೀನು

ಬೂತಾಯಿ ಒಂದು ಗೇಣಿಗಿಂತ ಉದ್ದ ಬೆಳೆಯುವುದು ಅಪರೂಪ. ಆಯುಸ್ಸು ಎರಡೂವರೆ, ಹೆಚ್ಚೆಂದರೆ ಮೂರು ವರ್ಷ. ಆದರೂ ಕರಾವಳಿಯ ಬಡವರ ಊಟ, ಮೀನುಗಾರರ ಗಳಿಕೆ, ಮಂಜುಗಡ್ಡೆ ಕಾರ್ಖಾನೆಗಳ ಕೆಲಸ ಎಲ್ಲವೂ ಇದರ ಬರವಿಗೆ ಕಾಯುತ್ತವೆ. ಮಂಗಳೂರಿನವರ ಬೂತಾಯಿಯೇ ಕುಂದಾಪುರದ ಕಡೆ ಬೈಗೆ, ಕಾರವಾರದ ಕಡೆ ತಾರ್ಲೆ, ಕೇರಳದಲ್ಲಿ ಮತ್ತಿ. ವಿಜ್ಞಾನಿಗಳಿಗೆ ಇದು ಸಾರ್ಡಿನೆಲ್ಲಾ ಲಾಂಜಿಸೆಪ್ಸ್.

2012ರಲ್ಲಿ ಭಾರತದ ಕರಾವಳಿಯಲ್ಲಿ ಏಳು ಲಕ್ಷ ಟನ್ನಿಗೂ ಹೆಚ್ಚು ಬೂತಾಯಿ ದಡ ಸೇರಿತು. ಅದರಲ್ಲಿ ಸುಮಾರು ನಾಲ್ಕು ಲಕ್ಷ ಟನ್ ಕೇರಳದ್ದೇ. 2021ರಲ್ಲಿ ಅದೇ ಕೇರಳಕ್ಕೆ ಸಿಕ್ಕಿದ್ದು 3,297 ಟನ್. ನೂರು ಬುಟ್ಟಿ ಇಳಿಯುತ್ತಿದ್ದ ದಡದಲ್ಲಿ ಒಂದು ಬುಟ್ಟಿಯೂ ತುಂಬಲಿಲ್ಲ.

ಇಷ್ಟು ದೊಡ್ಡ ಏರಿಳಿತಕ್ಕೆ ಕಾರಣ ಹುಡುಕಬೇಕಾದರೆ ಮೊದಲು ಮೀನಿನ ಕಿವಿರು ನೋಡಬೇಕು. ಪ್ರತಿ ಕಿವಿರು ಕಮಾನಿನ ಕೆಳಭಾಗದಲ್ಲಿ 150ರಿಂದ 250ರಷ್ಟು ನವಿರಾದ ಹಲ್ಲುಗಳು ಒತ್ತೊತ್ತಾಗಿ ನಿಂತಿರುತ್ತವೆ. ಬೂತಾಯಿ ಬಾಯಿ ತೆರೆದು ಈಜುವಾಗ ನೀರು ಈ ಸಾಲಿನ ನಡುವೆ ಹರಿದು ಹೊರಗೆ ಹೋಗುತ್ತದೆ, ಕಣ್ಣಿಗೆ ಕಾಣದ ಪಾಚಿಕಣಗಳು ಒಳಗೆ ಉಳಿಯುತ್ತವೆ. ಡಯಾಟಮ್ ಎಂಬ ಏಕಕೋಶ ಪಾಚಿಗಳೆಂದರೆ ಇದಕ್ಕೆ ಬಲು ಇಷ್ಟ. 1920ರ ದಶಕದಲ್ಲೇ ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ ಮತ್ತು ಅವರ ಸಹೋದ್ಯೋಗಿ ನಾಯುಡು ಬೂತಾಯಿಯ ಜೀವನಚಕ್ರವನ್ನು, ಅದರ ಆಹಾರವನ್ನು ಅಧ್ಯಯನ ಮಾಡಿದ್ದರು. ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಡಯಾಟಮ್ ಹುಲುಸಾದ ವರ್ಷ ಬೂತಾಯಿಯೂ ಹುಲುಸು ಎಂಬ ಸಂಬಂಧವನ್ನು ಮುಂದಿನ ತಲೆಮಾರಿನ ಸಂಶೋಧಕರು ಗುರುತಿಸಿದರು.

ಆ ಪಾಚಿ ಬೆಳೆಯುವುದು ಮಳೆಗಾಲದಲ್ಲಿ. ಮುಂಗಾರಿನ ಗಾಳಿ ಕರಾವಳಿಯ ಮೇಲ್ನೀರನ್ನು ಆಳ ಕಡಲಿನ ಕಡೆಗೆ ಸರಿಸುತ್ತದೆ. ತೆರವಾದ ಜಾಗಕ್ಕೆ ಅಡಿಯಿಂದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಏರಿ ಬರುತ್ತದೆ. ಕೇರಳದ ದಕ್ಷಿಣ ತುದಿಯಲ್ಲಿ ಶುರುವಾಗುವ ಈ ಏರುಹರಿವು ವಾರಗಳು ಕಳೆದಂತೆ ಕರ್ನಾಟಕದತ್ತ ಸಾಗುತ್ತದೆ. ಬಿಸಿಲಿಗೆ ಬಂದ ಪೋಷಕಾಂಶ ಉಂಡು ಡಯಾಟಮ್‌ಗಳು ಕೆಲವೇ ದಿನಗಳಲ್ಲಿ ಕಡಲ ಬಣ್ಣವನ್ನೇ ಬದಲಿಸುತ್ತವೆ. ಬೂತಾಯಿ ಮೊಟ್ಟೆಯಿಡಲು ಆರಿಸಿಕೊಂಡಿರುವುದೂ ಇದೇ ಹೊತ್ತನ್ನು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಒಂದು ಹೆಣ್ಣುಮೀನು ಹತ್ತಾರು ಸಾವಿರ ಮೊಟ್ಟೆ ನೀರಿಗೆ ಬಿಡುತ್ತದೆ. ಸುಮಾರು ಒಂದು ದಿನದಲ್ಲೇ ಮರಿ ಹೊರಬರುತ್ತದೆ. ಆ ಮರಿಗೆ ಬೇಗನೆ ತಿನಿಸು ಸಿಗಬೇಕು. ಗಾಳಿ ತಡವಾದರೆ, ನೀರು ಅತಿಯಾಗಿ ಬಿಸಿಯಾದರೆ ಮರಿ ಮತ್ತು ಮೇವಿನ ಕಾಲ ಒಂದಕ್ಕೊಂದು ಕೂಡಿಬರುವುದಿಲ್ಲ. ಬಲಿಷ್ಠ ಎಲ್ ನಿನೋ ಬಂದ 2015ರ ಆಸುಪಾಸಿನಲ್ಲಿ ಬೂತಾಯಿ ಕುಸಿದದ್ದಕ್ಕೆ ಹವಾಮಾನದ ಬದಲಾವಣೆ ಮತ್ತು ಮಿತಿಮೀರಿದ ಮೀನುಗಾರಿಕೆ ಎರಡೂ ಸೇರಿ ಕಾರಣ ಎಂಬುದು ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ನಿಲುವು.

ಕಡಲು ಕೈಕೊಟ್ಟದ್ದು ಅದೇ ಮೊದಲಲ್ಲ. 1940ರ ದಶಕದಲ್ಲೂ 1994ರಲ್ಲೂ ಬೂತಾಯಿ ಮಾಯವಾಗಿತ್ತು, ಮತ್ತೆ ಮರಳಿತ್ತು. ಬೇಗ ಬೆಳೆದು ಬೇಗ ಮರಿಮಾಡುವ ಮೀನಿಗೆ ಆ ಶಕ್ತಿ ಇದೆ. ಬದಲಾದದ್ದು ಬಲೆ. ಕರ್ನಾಟಕದಲ್ಲಿ 1970ರ ದಶಕದವರೆಗೂ ದಡದಿಂದಲೇ ಊರೆಲ್ಲ ಸೇರಿ ಎಳೆಯುವ ರಂಪಣಿ ಬಲೆಯದೇ ಕಾಲ. ಗುಂಪು ದಡಕ್ಕೆ ಬಂದರೆ ಮೀನು, ಇಲ್ಲದಿದ್ದರೆ ಇಲ್ಲ. ಆ ದಶಕದ ನಡುವಿನಲ್ಲಿ ಬಂದ ಪರ್ಸೀನ್ ಬೋಟುಗಳು ಗುಂಪನ್ನು ಹುಡುಕಿಕೊಂಡು ಹೋಗಿ ಸುತ್ತುವರಿದವು. ರಂಪಣಿ ಎಳೆಯುತ್ತಿದ್ದವರ ಪ್ರತಿಭಟನೆಯಿಂದಲೂ ಆ ಬೋಟುಗಳನ್ನು ನಿಲ್ಲಿಸಲಾಗಲಿಲ್ಲ.

ಬೂತಾಯಿಯ ಬೆಲೆ ಅದರ ಎಣ್ಣೆಯಲ್ಲೂ ಇದೆ. ಹಿಂದೆ ಮರದ ದೋಣಿಗಳಿಗೆ ಆ ಎಣ್ಣೆ ಬಳಿಯುತ್ತಿದ್ದರು, ಎಣ್ಣೆ ತೆಗೆದ ಹಿಂಡಿ ತೋಟಗಳಿಗೆ ಗೊಬ್ಬರವಾಗುತ್ತಿತ್ತು. ಹೃದಯಕ್ಕೆ ಒಳ್ಳೆಯದೆಂದು ವೈದ್ಯರು ಹೇಳುವ ಒಮೇಗಾ-3 ಕೊಬ್ಬು ದುಬಾರಿ ಮಾತ್ರೆಗಳಲ್ಲಿ ಮಾತ್ರವಲ್ಲ, ಬೂತಾಯಿ ಪುಳಿಮುಂಚಿಯಲ್ಲೂ ಧಾರಾಳವಾಗಿದೆ. 2023ರಲ್ಲಿ ಕೊಚ್ಚಿಯ ಸಂಸ್ಥೆ ಈ ಮೀನಿನ ಪೂರ್ತಿ ಜೀನೋಮನ್ನು ಓದಿ, 46,316 ಪ್ರೋಟೀನ್ ಜೀನ್‌ಗಳನ್ನು ಗುರುತಿಸಿತು. ಬಿಸಿಯೇರುವ ಕಡಲಿಗೆ ಬೂತಾಯಿ ಹೇಗೆ ಹೊಂದಿಕೊಳ್ಳುತ್ತದೆ ಎಂದು ತಿಳಿಯಲು ಇದು ದೊಡ್ಡ ಆಧಾರ. ಅಂಜಲ್, ಕೇದರದಂಥ ದೊಡ್ಡ ಮೀನುಗಳಿಗೂ ಬೂತಾಯಿಯೇ ಆಹಾರವಾದ್ದರಿಂದ, ಇದರ ಅಳಿವು ಉಳಿವು ಬೇರೆ ಮೀನುಗಾರಿಕೆಯನ್ನೂ ತಟ್ಟುತ್ತದೆ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗಿರುವ 61 ದಿನಗಳ ನಿಷೇಧ ಮೊಟ್ಟೆಯಿಡುವ ಕಾಲದ ಅರ್ಧಭಾಗವನ್ನು ಕಾಯುತ್ತದೆ. ಕಾವಲು ಸಡಿಲವಾಗುವುದು ಅನಂತರ. ಮಳೆಗಾಲದಲ್ಲಿ ಹುಟ್ಟಿದ ಮರಿಗಳು ಬೋಟುಗಳು ಕಡಲಿಗಿಳಿಯುವ ಹೊತ್ತಿಗೆ ಇನ್ನೂ ಎಳೆಯವೇ ಆಗಿರುತ್ತವೆ, ಸಿಕ್ಕಿದರೆ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತವೆ. ಕೇರಳ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿ ಹಿಡಿಯಬಾರದೆಂದು ನಿಯಮ ಮಾಡಿದೆ. ಅದು ಒಳ್ಳೆಯ ಆರಂಭ. ಆದರೆ ಬೂತಾಯಿ ಮೊದಲ ಸಲ ಮೊಟ್ಟೆಯಿಡುವುದು ಸುಮಾರು 15 ಸೆಂಟಿಮೀಟರ್ ಉದ್ದವಾದಾಗ. ನಿಯಮದ ಅಳತೆಗೂ ತಾಯ್ತನದ ಅಳತೆಗೂ ನಡುವೆ ಉಳಿಯುವ ಐದು ಸೆಂಟಿಮೀಟರ್ ಬೆಳೆಯಲು ಮೀನಿಗೆ ಬೇಕಾದದ್ದು ಕೆಲವೇ ತಿಂಗಳು. ಬೂತಾಯಿ ಗುಂಪಿಗೆ ರಾಜ್ಯಗಳ ಗಡಿಯಿಲ್ಲ. ಆ ಕೆಲವು ತಿಂಗಳನ್ನು ಕೇರಳ, ಕರ್ನಾಟಕ, ಗೋವಾ ಒಟ್ಟಿಗೆ ಬಿಟ್ಟುಕೊಡಬೇಕು.