ಅಗ್ಗದ ಗಾಡಿ, ತುಟ್ಟಿ ಸಾಲ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಎರಡು ಲಕ್ಷದ ಆಸುಪಾಸಿನ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಗಾಡಿಯನ್ನು ಹತ್ತು ಸಲ ನೋಡುತ್ತಾರೆ. ಗುರುತಿನ ಮೆಕ್ಯಾನಿಕ್‌ನನ್ನು ಕರೆದೊಯ್ದು ಎಂಜಿನ್ ಸದ್ದು ಕೇಳಿಸುತ್ತಾರೆ, ಟೈರು ಸವೆದಿದೆಯೇ ಎಂದು ಬಗ್ಗಿ ನೋಡುತ್ತಾರೆ, ಐದು ಸಾವಿರ ಇಳಿಸಲು ಅರ್ಧ ದಿನ ಚೌಕಾಸಿ ಮಾಡುತ್ತಾರೆ. ಸಾಲದ ಮಾತು ಬಂದಾಗ ಮಾತ್ರ ಕೇಳುವುದು ಒಂದೇ ಪ್ರಶ್ನೆ: ತಿಂಗಳಿಗೆ ಕಂತು ಎಷ್ಟು? ಚೌಕಾಸಿಯಲ್ಲಿ ಉಳಿಸಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹಣ ಇಲ್ಲಿ ಕೈಬಿಡುತ್ತದೆ. ಹಳೆ ಕಾರು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ರಾತ್ರಿ ಹೊತ್ತು ಬಸ್ಸಿಲ್ಲದ ಹಳ್ಳಿಯಿಂದ ಆಸ್ಪತ್ರೆಗೆ ಹೋಗಬೇಕಾದವರಿಗೆ ಅದು ಶೋಕಿಯೂ ಅಲ್ಲ. ಆದರೆ ಗಾಡಿ ಹಳೆಯದಾದಷ್ಟೂ ಸಾಲ ಚಿಕ್ಕದಿರಬೇಕು, ಬೇಗ ತೀರಬೇಕು, ಮನೆಗೆ ದುಡ್ಡು ಬರುವ ಕಾಲಕ್ಕೆ ಕಂತು ಹೊಂದಬೇಕು.

ಲೆಕ್ಕ ಹಾಕಿ ನೋಡೋಣ. ಒಂದೂವರೆ ಲಕ್ಷ ಸಾಲ, ಮೂರು ವರ್ಷ, ಶೇ 12 ಫ್ಲ್ಯಾಟ್ ಬಡ್ಡಿ. ವರ್ಷಕ್ಕೆ 18,000ದಂತೆ ಬಡ್ಡಿ 54,000, ಕಂತು ಸುಮಾರು 5,667. ಬಾಯಿಲೆಕ್ಕದಲ್ಲೇ ಮುಗಿಯುವುದರಿಂದ ಇದು ಸರಳವೆನಿಸುತ್ತದೆ. ಆದರೆ ಅಸಲು ತಿಂಗಳು ತಿಂಗಳೂ ಕರಗುತ್ತಿದ್ದರೂ ಬಡ್ಡಿ ಮಾತ್ರ ಕೊನೆಯ ಕಂತಿನವರೆಗೂ ಪೂರ್ತಿ ಒಂದೂವರೆ ಲಕ್ಷದ ಮೇಲೇ ಬೀಳುತ್ತದೆ. ಉಳಿದ ಅಸಲಿಗಷ್ಟೇ ಬಡ್ಡಿ ಹಾಕಿದರೆ ಅದೇ ಶೇ 12ಕ್ಕೆ ಕಂತು 4,982, ಒಟ್ಟು ಬಡ್ಡಿ 29,400ರ ಒಳಗೆ. ಅಂದರೆ ಫ್ಲ್ಯಾಟ್ 12 ಎಂದು ಹೇಳಿದ್ದು ನಿಜದಲ್ಲಿ ಶೇ 21ಕ್ಕೂ ಮೇಲೆ. ಇನ್ನೂ ಒಂದು ಸಂಗತಿಯಿದೆ. ಹದಿನೆಂಟು ಕಂತು, ಅಂದರೆ 1,02,000 ರೂಪಾಯಿ ಕಟ್ಟಿದ ಮೇಲೂ ಸುಮಾರು 87,000 ಅಸಲು ಬಾಕಿ ಇರುತ್ತದೆ. ಅಷ್ಟರಲ್ಲಿ ಕ್ಲಚ್ ಪ್ಲೇಟು, ಬ್ಯಾಟರಿ, ಸಸ್ಪೆನ್ಷನ್ ಒಂದೊಂದಾಗಿ ಗ್ಯಾರೇಜಿನ ದಾರಿ ಹಿಡಿದಿರುತ್ತವೆ. ಗಾಡಿ ಮಾರಿ ಸಾಲ ತೀರಿಸೋಣವೆಂದರೆ ಬರುವ ಬೆಲೆ ಸಾಲಲಿಕ್ಕಿಲ್ಲ.

‘ಬ್ಯಾಂಕಿನವರು ಕೊಡುವುದಿಲ್ಲ, ಏನು ಮಾಡೋಣ’ ಎಂಬ ಮಾತಿನಲ್ಲಿ ಸತ್ಯವಿದೆ. ಸಾಲ ತೀರುವ ಹೊತ್ತಿಗೆ ಕಾರಿನ ವಯಸ್ಸು ಇಷ್ಟನ್ನು ಮೀರಿರಬಾರದು ಎಂದು ಬ್ಯಾಂಕುಗಳು ಮಿತಿ ಇಟ್ಟಿರುತ್ತವೆ. ಹೀಗಾಗಿ ಹತ್ತು ಹನ್ನೆರಡು ವರ್ಷದ ಗಾಡಿಗೆ ಬ್ಯಾಂಕಿನ ಬಾಗಿಲು ಹೆಚ್ಚಾಗಿ ಮುಚ್ಚಿರುತ್ತದೆ. ಉಳಿಯುವುದು ಖಾಸಗಿ ಫೈನಾನ್ಸ್, ಇಲ್ಲವೇ ತಿಂಗಳಿಗೆ ನೂರಕ್ಕೆ ಮೂರರ ಕೈಸಾಲ. ಅದು ವರ್ಷಕ್ಕೆ ಶೇ 36. ಕಡಿಮೆ ದುಡ್ಡಿರುವವರೇ ಹೆಚ್ಚು ಬಡ್ಡಿ ಕಟ್ಟುವ ಈ ವ್ಯವಸ್ಥೆ ಅನ್ಯಾಯದ್ದು. ಇಲ್ಲಿ ಪತ್ತಿನ ಸಹಕಾರ ಸಂಘಗಳು, ಸೌಹಾರ್ದ ಸಹಕಾರಿಗಳು ಮುಂದೆ ಬರಬೇಕು. ಸದಸ್ಯನ ಹೊಲ, ಮನೆ, ನಡತೆ ಎಲ್ಲವೂ ಗೊತ್ತಿರುವ ಸಂಘಕ್ಕೆ ಕಾರಿನ ವಯಸ್ಸೊಂದೇ ಆಧಾರವಾಗಬೇಕಿಲ್ಲ.

ಸಂಘಗಳೇ ಯಾಕೆಂದರೆ ಈ ಸೀಮೆಯ ಆದಾಯ ತಿಂಗಳ ಲೆಕ್ಕದಲ್ಲಿ ಬರುವುದಿಲ್ಲ. ಮಾಸಿಕ ಕಂತು ಹುಟ್ಟಿದ್ದು ಸಂಬಳದಾರರಿಗಾಗಿ. ಗೋಕಾಕ ಫಾಲ್ಸ್‌ನ ಗಿರಣಿ ಕೆಲಸಗಾರರಿಗೋ ಶಿಕ್ಷಕರಿಗೋ ಅದು ಸರಿ. ಘಟಪ್ರಭೆಯ ನೀರಿನಲ್ಲಿ ಕಬ್ಬು ಬೆಳೆಯುವವರಿಗೆ ದುಡ್ಡು ಕಾಣುವುದು ಕಾರ್ಖಾನೆ ಕಬ್ಬು ನುರಿಸಿ ಬಿಲ್ಲು ಕೊಟ್ಟಾಗ. ಕಬ್ಬು ತಲುಪಿದ 14 ದಿನದಲ್ಲಿ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ, ಆದರೂ ಬಾಕಿ ಬಿಲ್ಲಿಗಾಗಿ ರೈತರು ಬೀದಿಗಿಳಿಯುವುದು ತಪ್ಪಿಲ್ಲ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ರೈತರು ಹೋರಾಟಕ್ಕೆ ಕುಳಿತರು. ಕೊನೆಗೆ ಸರ್ಕಾರ 3,300ಕ್ಕೆ ಒಪ್ಪಂದ ಮಾಡಿಸಿತು. ಇಂಥ ದಿನಗಳಲ್ಲಿ ಗಾಣ ನಿಲ್ಲುತ್ತದೆ, ಬಿಲ್ಲು ಮುಂದಕ್ಕೆ ಹೋಗುತ್ತದೆ, ಕಂತಿನ ತಾರೀಖು ಮಾತ್ರ ಕದಲುವುದಿಲ್ಲ. ಮುಂಗಾರಿನ ಖರ್ಚಿನ ತಿಂಗಳುಗಳಲ್ಲಿ ಕಂತು ತಪ್ಪಿದರೆ ದಂಡ, ಆಮೇಲೆ ಗಾಡಿ ಜಪ್ತಿ. ಕಬ್ಬಿನ ಬಿಲ್ಲಿನ ಹೊತ್ತಿಗೆ ದೊಡ್ಡ ಕಂತು, ಉಳಿದ ತಿಂಗಳು ಬರೀ ಬಡ್ಡಿ: ಹೀಗೆ ಎರಡು ಹಂಗಾಮಿನಲ್ಲಿ ತೀರುವ ಸಾಲವನ್ನು ಸಂಘಗಳು ಕೊಡಲು ಸಾಧ್ಯ.

ಅಲ್ಲಿಯವರೆಗೆ ಬಂಗಾರ ಅಡವಿಡುವುದೇ ಮೇಲಲ್ಲವೇ ಎಂದು ಕೇಳುವವರಿದ್ದಾರೆ. ಬಡ್ಡಿಯೊಂದನ್ನೇ ನೋಡಿದರೆ ಹೌದು. ಬ್ಯಾಂಕಿನ ಚಿನ್ನದ ಸಾಲಕ್ಕೆ ಕಾರಿನ ವಯಸ್ಸು ಯಾರಿಗೂ ಬೇಡ, ವರ್ಷದ ಕೊನೆಗೆ ಒಟ್ಟಿಗೆ ಕಟ್ಟುವ ಅನುಕೂಲವೂ ಸಿಗುತ್ತದೆ. ಆದರೆ ಆ ಬಂಗಾರ ಮನೆಯ ಹೆಣ್ಣುಮಗಳದ್ದು. ಆಕೆ ಮನಸಾರೆ ಒಪ್ಪಿದ್ದರೆ, ಮುಂದಿನ ಬಿಲ್ಲಿನಲ್ಲೇ ಬಿಡಿಸಿಕೊಳ್ಳುವಷ್ಟು ಮಾತ್ರ ಸಾಲ ಎತ್ತಿದರೆ ಸರಿ. ಬಡ್ಡಿಯಿಲ್ಲದ ಬೆಳೆಸಾಲವನ್ನು ಕಾರಿಗೆ ತಿರುಗಿಸುವ ಯೋಚನೆಯನ್ನಂತೂ ಬಿಡಲೇಬೇಕು. ಗೊಬ್ಬರದ ದುಡ್ಡು ಗಾಡಿಗೆ ಹೋದರೆ ಬೆಳೆ ಸೊರಗುತ್ತದೆ, ವಾಯಿದೆ ತಪ್ಪಿದರೆ ಬಡ್ಡಿ ರಿಯಾಯಿತಿಯೂ ಹೋಗುತ್ತದೆ.

ಸಾಲ ಎಲ್ಲಿಂದಲೇ ಬರಲಿ, ಕೈಯಲ್ಲಿರುವ ಹಣವನ್ನೆಲ್ಲ ಮುಂಗಡಕ್ಕೆ ಸುರಿಯಬಾರದು, ಕಾಗದಪತ್ರದ ಖರ್ಚಿಗೂ ಉಳಿಸಿಕೊಳ್ಳಬೇಕು. ಕೊಲ್ಲಾಪುರದ ಎಂಎಚ್-09 ಗಾಡಿ ಸಂಕೇಶ್ವರದ ದಾರಿಯಲ್ಲಿ ಅಗ್ಗಕ್ಕೆ ಸಿಗಬಹುದು. ಅದನ್ನು ಗೋಕಾಕದ ಕೆಎ-49 ಮಾಡಿಸಲು ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ ಶುಲ್ಕವೇ ಕನಿಷ್ಠ 5,000. ಬ್ಯಾಂಕು, ಫೈನಾನ್ಸ್ ಕಂಪನಿಗಳು ಸಾಲದ ಪೂರ್ತಿ ವಾರ್ಷಿಕ ವೆಚ್ಚವನ್ನು ಶೇಕಡಾವಾರು ತೋರಿಸುವ ಮುಖ್ಯಾಂಶ ಪತ್ರವನ್ನು ಗ್ರಾಹಕನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಅದನ್ನು ಕನ್ನಡದಲ್ಲೇ ಕೇಳಿ ಪಡೆಯಬೇಕು. ಪತ್ತಿನ ಸಂಘಗಳಿಗೆ ಆ ನಿಯಮ ಅನ್ವಯಿಸದು, ಆದರೂ ಸದಸ್ಯ ಕೇಳಿದರೆ ಬರೆದುಕೊಡಲು ಅಡ್ಡಿಯೇನೂ ಇಲ್ಲ. ಇನ್ನು ಕೊನೆಯ ಕಂತು ಕಟ್ಟಿದ ದಿನವೇ ಸಾಲ ತೀರಿತೆಂದು ತಿಳಿಸುವ 35ನೇ ನಮೂನೆಗೆ ಸಾಲ ಕೊಟ್ಟವರ ಸಹಿ, ಮೊಹರು ಹಾಕಿಸಿಕೊಂಡು ಆರ್‌ಸಿಯಲ್ಲಿನ ಎಚ್‌ಪಿ, ಅಂದರೆ ಸಾಲದ ನಮೂದು ತೆಗೆಸಲು ಆರ್‌ಟಿಒಗೆ ಹೋಗಬೇಕು. ವರ್ಷಗಳ ನಂತರ ಗಾಡಿ ಮಾರಲು ಹೊರಟಾಗ ಆ ಫೈನಾನ್ಸ್‌ನ ಕಚೇರಿ ಊರಲ್ಲಿ ಇರುತ್ತದೆಂಬ ಖಾತ್ರಿಯಿಲ್ಲ.