ನೀಲದ ಹರಳನ್ನು ನೋಡುವ ಬಗೆ

ದಕ್ಷಿಣೇಶ್ವರದ ಸುತ್ತಮುತ್ತ ಬಿಡಾರ ಮಾಡಿಕೊಂಡಿರುವ ನಮ್ಮಂಥ ಕನ್ನಡ ಸಂಸಾರಗಳು ಬಂಗಾಳಿಯನ್ನು ಸರಿಯಾಗಿ ಕಲಿಯುವ ಮೊದಲೇ ಕಲಿತುಬಿಡುವ ಮಾತುಗಳಲ್ಲಿ ‘ನೀಲಾ’ ಎಂಬುದೂ ಒಂದು. ಊರಿನಲ್ಲಿ ನಾವು ನೀಲವೆಂದೂ ಇಂದ್ರನೀಲವೆಂದೂ ಕರೆಯುವ ಹರಳೇ ಇದು. ಮಗನಿಗೆ ಕೆಲಸ ಸಿಗಲಿಲ್ಲ, ಮಗಳಿಗೆ ಮದುವೆ ಕೂಡಿಬರಲಿಲ್ಲ ಎಂದು ನೆರೆಮನೆಯವರೊಡನೆ ಬಾಯಿಬಿಟ್ಟರೆ ಸಾಕು, ಶನಿಯ ದೃಷ್ಟಿಯಿದೆ, ನೀಲಾ ಧರಿಸಿ ಎಂಬ ಸಲಹೆ ಬರುತ್ತದೆ. ಅದು ಎಲ್ಲರಿಗೂ ಒಗ್ಗುವುದಿಲ್ಲ, ಮೊದಲು ದಿಂಬಿನ ಕೆಳಗಿಟ್ಟು ಮಲಗಿ ಕನಸು ಹೇಗೆ ಬೀಳುತ್ತದೆಂದು ನೋಡಿ ಎಂಬ ಎಚ್ಚರಿಕೆಯೂ ಹಿಂದೆಯೇ ಬರುತ್ತದೆ. ಶನಿಮಹಾತ್ಮನಿಗೂ ಹರಳಿಗೂ ಇರುವ ಸಂಬಂಧವನ್ನು ವಿಚಾರಿಸುವುದು ನಮ್ಮ ಉದ್ದೇಶವಲ್ಲ. ಹರಳಿಗೂ ತಿಂಗಳ ಸಂಬಳಕ್ಕೂ ಇರುವ ಸಂಬಂಧ ಮಾತ್ರ ನಮಗೆ ಚೆನ್ನಾಗಿ ಗೊತ್ತು. ದಿಂಬಿನ ಕೆಳಗೆ ಇಡುವ ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡುವುದು ಹೇಗೆ ಎಂಬುದಷ್ಟೇ ಇಲ್ಲಿಯ ಮಾತು.

ನಮಗೆ ಪರಿಚಯವಿರುವ ಒಂದು ಮನೆಯವರು ಮಗನ ಕಾಲೇಜಿಗೆಂದು ತೆಗೆದಿರಿಸಿದ್ದ ಹಣದಿಂದ 40,000 ರೂಪಾಯಿ ಕೊಟ್ಟು ಐದು ಕ್ಯಾರೆಟ್ಟಿನ ನೀಲವೊಂದನ್ನು ತಂದರು. ಚುಕ್ಕೆಯಿಲ್ಲ, ಗೆರೆಯಿಲ್ಲ, ಅಂಚಿನಿಂದ ಅಂಚಿಗೆ ಒಂದೇ ನೀಲಿ. “ಕಾಶ್ಮೀರದ್ದು, ಹುಡುಕಿದರೂ ದೋಷ ಸಿಗುವುದಿಲ್ಲ” ಎಂದು ಮಾರಿದವನು ಹೇಳಿದ್ದನಂತೆ. ಆ ಒಂದು ಮಾತಿನಲ್ಲಿಯೇ ಸಂಶಯಕ್ಕೆ ಎರಡು ಕಾರಣಗಳಿದ್ದುವು.

ನೀಲವೆಂದರೆ ಕುರಂದ. ಸಂಸ್ಕೃತದಲ್ಲಿ ಕುರುವಿಂದ. ಕತ್ತಿಗೆ ಸಾಣೆ ಹಿಡಿಯಲು ಬಳಸುತ್ತಿದ್ದ ಕಲ್ಲೂ ಇದೇ ಜಾತಿಯದು. ನಮ್ಮ ಮೈಸೂರು, ಹಾಸನದ ಕಡೆಯ ನೆಲದಲ್ಲಿಯೂ ಇದು ಸಿಗುತ್ತದೆ. ಕುರಂದ ತಿಳಿಯಾಗಿ, ಅದರಲ್ಲಿ ತುಸು ಕ್ರೋಮಿಯಂ ಸೇರಿದರೆ ಕೆಂಪು. ಕಬ್ಬಿಣ ಮತ್ತು ಟೈಟಾನಿಯಂ ಸೇರಿದರೆ ನೀಲ. ಕೆಂಪೂ ನೀಲವೂ ಒಡಹುಟ್ಟಿದವು ಎಂದರೆ ನಮ್ಮ ಗೃಹಿಣಿಯರಿಗೆ ಆಶ್ಚರ್ಯವಾಗಬಹುದು. ಗಡಸುತನದಲ್ಲಿ ವಜ್ರ 10 ಆದರೆ ಇವು 9.

ಮೊದಲು ಬಣ್ಣ. ಅಂಗಡಿಯ ದೀಪದ ಕೆಳಗೆ ನೀಲವನ್ನು ಎಂದಿಗೂ ನಿರ್ಧರಿಸಬಾರದು. ಆ ಬಿಳಿಯ ದೀಪಗಳು ಇರುವುದೇ ನೀಲಿಯನ್ನು ಮೆರೆಸುವುದಕ್ಕೆ. ಹಳದಿ ದೀಪದಲ್ಲಿ ಅದೇ ಹರಳು ಕಪ್ಪಾಗಿಯೋ ನೇರಿಳೆಯಾಗಿಯೋ ಕಂಡೀತು. ಬೆಳಗಿನ ಹೊತ್ತು, ಬಿಸಿಲು ನೇರವಾಗಿ ಬೀಳದ ಬಾಗಿಲ ಬಳಿ, ಬಿಳಿಯ ಕಾಗದದ ಮೇಲಿಟ್ಟು ನೋಡಬೇಕು. ತೀರ ಮಸಿಯಂಥದು ಬೇಡ, ನೀರಿನಂಥದೂ ಬೇಡ. ನಡುವೆ ನಿಂತು ಒಳಗಿನಿಂದ ಹೊಳೆಯುವ ನೀಲಿಗೆ ಬೆಲೆ. ಮೇಲಿನಿಂದ ನೋಡಿದ್ದಾದ ಮೇಲೆ ಪಕ್ಕದಿಂದಲೂ ನೋಡಿ. ಸಿಂಹಳದ ಕಸಬುದಾರರು ಬಹಳ ಜಾಣರು: ಬಣ್ಣ ಒಂದೇ ಮೂಲೆಯಲ್ಲಿರುವ ಕಲ್ಲನ್ನು ಆ ಬಣ್ಣ ತಳದ ತುದಿಗೆ ಬರುವಂತೆ ಕಡೆಯುತ್ತಾರೆ. ಮೇಲಿನಿಂದ ಇಡೀ ಹರಳು ನೀಲಿ. ಮಗ್ಗುಲಿನಿಂದ ಮುಕ್ಕಾಲುಪಾಲು ಬಿಳಿ. ಇದು ಮೋಸವಲ್ಲ, ಕೈಚಳಕ. ಆದರೆ ಬೆಲೆ ಕೊಡುವಾಗ ನಮಗೆ ಗೊತ್ತಿರಬೇಕು. ಪಕ್ಕಕ್ಕೆ ತಿರುಗಿಸಿದಾಗ ನೀಲಿ ಹೋಗಿ ಹುಲ್ಲಿನ ಹಳದಿಯೋ ಬೂದಿಯ ಬಣ್ಣವೋ ಬಂದರೆ ಅದು ನೀಲವೇ ಅಲ್ಲ, ಅಯೋಲೈಟ್ ಎಂಬ ಅಗ್ಗದ ಕಲ್ಲು ಇರಬಹುದು.

ಹಳೆಯ ಒಡವೆಗಳಲ್ಲಿ ಹರಳಿನ ಬೆನ್ನು ಚಿನ್ನದಿಂದ ಮುಚ್ಚಿರುತ್ತದೆ, ಒಳಗೆ ಬಣ್ಣದ ಬೇಗಡೆಯೂ ಇರಬಹುದು. ಕಾಣುವ ನೀಲಿ ಹರಳಿನದೋ ಬೇಗಡೆಯದೋ ಎಂಬುದು ಅದನ್ನು ಬಿಚ್ಚುವವರೆಗೆ ತಿಳಿಯುವುದಿಲ್ಲ.

ಇನ್ನು ಒಳಗಿನ ಕಲೆಗಳು. ಜನ ಇವನ್ನು ದೋಷವೆನ್ನುತ್ತಾರೆ. ನಾವಾದರೋ ಗುರುತಿನ ಚಿಹ್ನೆ ಎನ್ನುತ್ತೇವೆ. ಸರ್ಕಾರಿ ನೌಕರನ ಸೇವಾಪುಸ್ತಕದಲ್ಲಿ ‘ಎಡಗೆನ್ನೆಯ ಮೇಲೆ ಮಚ್ಚೆ’ ಎಂದು ಬರೆದಿರುತ್ತಾರಲ್ಲವೆ, ಹಾಗೆ. ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದರಲ್ಲಿ ನೋಡಿದರೆ ನೆಲದಲ್ಲಿ ಹುಟ್ಟಿದ ನೀಲದೊಳಗೆ ರೇಷ್ಮೆ ಎಳೆಗಳಂಥ ಸೂಜಿಗಳು ಮೂರು ದಿಕ್ಕಿಗೆ ಹಾಯ್ದು ಒಂದನ್ನೊಂದು 60 ಅಂಶದ ಕೋನದಲ್ಲಿ ಕತ್ತರಿಸುವುದು ಕಾಣಬಹುದು. ಇವು ರೂಟೈಲ್ ಎಂಬ ಖನಿಜದವು. ಇವೇ ದಟ್ಟವಾಗಿದ್ದು, ಹರಳನ್ನು ಗುಮ್ಮಟದಂತೆ ಕಡೆದರೆ ಆರು ಕಿರಣಗಳ ನಕ್ಷತ್ರ ಮೂಡುತ್ತದೆ. ಹೆಬ್ಬೆರಳ ಗುರುತಿನಂಥ ಮಸುಕು ತೆರೆಗಳೂ ಇರುತ್ತವೆ. ಬಿಳಿಯ ಪಿಂಗಾಣಿ ಬಟ್ಟಲಿನ ನೀರಿನಲ್ಲಿ ಮುಳುಗಿಸಿದರೆ ಬಣ್ಣದ ಪಟ್ಟೆಗಳು ತೋರುತ್ತವೆ; ಅವು ನೇರವಾಗಿ ಸಾಗಿ, ಜೇನುಗೂಡಿನ ಮೂಲೆಯಂತೆ ತಿರುಗಬೇಕು.

ಪಟ್ಟೆಗಳು ಗ್ರಾಮಫೋನ್ ತಟ್ಟೆಯ ಗೆರೆಗಳಂತೆ ಬಾಗಿದ್ದರೆ, ಜೊತೆಗೆ ಗುಂಡಗಿನ ಗಾಳಿಗುಳ್ಳೆಗಳಿದ್ದರೆ, ಅದು ಕುಲುಮೆಯ ಮಗು. ಪ್ಯಾರಿಸಿನ ವೆರ್ನೂಯಿ ಎಂಬ ವಿದ್ವಾಂಸ ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಕೆಂಪನ್ನು ಬೆಳೆಸುವ ವಿಧಾನವನ್ನು 1902ರಲ್ಲಿ ಪ್ರಕಟಿಸಿದ. 1910ರ ಸುಮಾರಿಗೆ ನೀಲವೂ ಹಾಗೆಯೇ ತಯಾರಾಯಿತು. ಆದ್ದರಿಂದ “ಅಜ್ಜಿಯ ಕಾಲದ ಉಂಗುರ, ಸುಳ್ಳಾಗಲಾರದು” ಎಂಬ ವಾದ ನಿಲ್ಲುವುದಿಲ್ಲ. ಮೇಲೆ ಹೇಳಿದ ಮನೆಯವರ ಹರಳಿನಲ್ಲಿ ಕೊನೆಗೆ ಕಂಡದ್ದೂ ಈ ಬಾಗಿದ ಗೆರೆಗಳೇ. ಅದರ ನಿಜವಾದ ಬೆಲೆ ಕೆಲವು ನೂರು ರೂಪಾಯಿ. ರಸೀತಿಯಲ್ಲಿ ‘ನೀಲಿ ಹರಳು, ಒಂದು’ ಎಂದಷ್ಟೇ ಇತ್ತು. ಹಣ ಹಿಂದಕ್ಕೆ ಬರಲಿಲ್ಲ. ಹುಡುಗನ ಮೊದಲ ವರ್ಷದ ಶುಲ್ಕಕ್ಕೆ ತಾಯಿಯ ಬಳೆಗಳು ಅಡವಿಗೆ ಹೋದುವು.

ಕಾಶ್ಮೀರದ ಮಾತು ಇನ್ನೊಂದು. ಪಾಡರ್ ಪ್ರದೇಶದಲ್ಲಿ 1881ರ ಸುಮಾರಿಗೆ ಗುಡ್ಡ ಕುಸಿದು ಆ ನೀಲಗಳು ಹೊರಬಿದ್ದುವು. ಇದೇ ಕಲ್ಕತ್ತೆಯಲ್ಲಿದ್ದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ಮ್ಯಾಲೆಟ್ 1882ರಲ್ಲಿಯೂ, ಲಾ ಟೂಷ್ 1890ರಲ್ಲಿಯೂ ಅವನ್ನು ಕುರಿತು ಬರೆದರು. ಒಳ್ಳೆಯ ಫಸಲು ಬಂದದ್ದು 1887ರವರೆಗೆ ಮಾತ್ರ. ಒಳಗಿನ ಅತಿ ಸೂಕ್ಷ್ಮ ಕಣಗಳು ಬೆಳಕನ್ನು ಚದುರಿಸುವುದರಿಂದ ಅವುಗಳ ನೀಲಿಗೆ ಮಖಮಲ್ಲಿನ ಮೃದುತ್ವ. ಇಂದು ಅವು ಹೆಚ್ಚಾಗಿ ಹಳೆಯ ಒಡವೆಗಳಿಂದಲೇ ಹರಾಜಿಗೆ ಬರುತ್ತವೆ. ಐದು ಕ್ಯಾರೆಟ್ಟಿನ ಒಳ್ಳೆಯ ಕಾಶ್ಮೀರ ನೀಲ 40,000 ರೂಪಾಯಿಗೆ ಸಿಗುವ ಕಾಲ ಇದಲ್ಲ.

ಮನೆಯ ಪರೀಕ್ಷೆಗಳ ವಿಷಯ. ತನ್ನ ನೂರರಷ್ಟು ಹಾಲನ್ನು ನೀಲಿಯಾಗಿಸುವುದು ಮಹಾನೀಲ ಎಂದು ಗರುಡಪುರಾಣದಲ್ಲಿದೆ. ಇದನ್ನು ನೆನೆದು ಇಂದಿಗೂ ಹರಳನ್ನು ಹಾಲಿಗೆ ಹಾಕುವವರುಂಟು. ನೀಲಿ ಗಾಜಿನ ಚೂರಿನಿಂದಲೂ ಹಾಲು ನೀಲಿಯಾಗಿ ತೋರೀತು. ಬಾಯಿಯ ಹಬೆ ಊದಿ ನೋಡುವುದರಿಂದ ಗಾಜನ್ನು ಹಿಡಿಯಬಹುದೇ ಹೊರತು ಕುಲುಮೆಯ ನೀಲವನ್ನಲ್ಲ. ಅದೂ ಕುರಂದವೇ, ತೂಕ, ತಂಪು, ಗಡಸು ಎಲ್ಲವೂ ಒಂದೇ.

ಕಾಯಿಸಿದ ನೀಲಗಳು ಬೇರೆ. ಸಿಂಹಳದ ಹಾಲುಬಿಳುಪಿನ ಕಲ್ಲುಗಳನ್ನು ಉಗ್ರವಾದ ಶಾಖಕ್ಕೊಡ್ಡಿ ನೀಲಿ ಮಾಡುವ ಪದ್ಧತಿ 1970ರ ದಶಕದಿಂದ ಬಹಳ ಹಬ್ಬಿದೆ. ಇವು ಅಸಲಿಯೇ, ಹೇಳಿ ಮಾರಿದರೆ ತಪ್ಪಿಲ್ಲ, ಬೆಲೆ ಮಾತ್ರ ಕಡಮೆಯಿರಬೇಕು. ಹೊರಮೈಗೆ ಮಾತ್ರ ಬಣ್ಣ ಇಳಿಸಿದವೂ, ಬಿರುಕಿಗೆ ನೀಲಿ ಗಾಜು ತುಂಬಿದವೂ ಉಂಟು. ಅವನ್ನು ದೂರವಿಡುವುದೇ ಮೇಲು.

ಇಷ್ಟು ಕಣ್ಣಿನ ಕೆಲಸ. ಇದರ ಮುಂದಿನದು ಪ್ರಯೋಗಶಾಲೆಯದು. ದಕ್ಷಿಣೇಶ್ವರದಲ್ಲಿ ಮೆಟ್ರೋ ಹತ್ತಿ ಸೆಂಟ್ರಲ್‌ನಲ್ಲಿ ಇಳಿದರೆ ಚಿನ್ನದಂಗಡಿಗಳ ಬೌಬಜಾರ್ ಹತ್ತಿರವೇ. ಆ ಬೀದಿಯ 210ನೆಯ ನಂಬರಿನ ಕಟ್ಟಡದಲ್ಲಿಯೇ ಸರ್ ಸಿ. ವಿ. ರಾಮನ್ ಅಕೌಂಟ್ಸ್ ಇಲಾಖೆಯ ಕೆಲಸದ ಮುಂಚೆಯೂ ಆಮೇಲೂ ಕುಳಿತು ಪ್ರಯೋಗ ಮಾಡುತ್ತಿದ್ದರು. ಕಚೇರಿಯ ಮಂದಿಯಾದ ನಮಗೆ ಇದು ಹೆಮ್ಮೆಯ ಮಾತು! 1917ರಲ್ಲಿ ಆ ನೌಕರಿ ಬಿಟ್ಟರು. 1928ರ ಫೆಬ್ರವರಿ 28ರಂದು ತಮ್ಮ ಹೆಸರಿನ ಪರಿಣಾಮವನ್ನು ಅಲ್ಲಿಯೇ ಕಂಡರು. ಅದೇ ತತ್ತ್ವದ ಯಂತ್ರದಿಂದ ಇಂದು ರತ್ನಪರೀಕ್ಷಕರು ಹರಳನ್ನು ಒಡೆಯದೆಯೇ ಒಳಗಿನ ಕಲೆ ಯಾವ ಖನಿಜದ್ದೆಂದು ಹೇಳುತ್ತಾರೆ.

ಪರೀಕ್ಷಾಪತ್ರವನ್ನು ಅಂಗಡಿಯವನ ಕೈಯಿಂದ ತೆಗೆದುಕೊಳ್ಳುವುದಕ್ಕಿಂತ ನಾವೇ ಮಾಡಿಸುವುದು ಒಳ್ಳೆಯದು. ಅದರಲ್ಲಿ ನೈಸರ್ಗಿಕ ಕುರಂದ ಎಂದಿರಬೇಕು, ಕಾಯಿಸಿದೆಯೋ ಇಲ್ಲವೋ ಎಂದಿರಬೇಕು, ಅಳತೆ ಮತ್ತು ತೂಕ ಇರಬೇಕು. ತೂಕವನ್ನು ಕ್ಯಾರೆಟ್ಟಿನಲ್ಲಿಯೇ ಕೇಳಿ. ಒಂದು ಕ್ಯಾರೆಟ್ ಎಲ್ಲಿ ಹೋದರೂ 200 ಮಿಲಿಗ್ರಾಂ, ರತ್ತಿಯ ಲೆಕ್ಕ ಹಾಗಲ್ಲ. ಹಣ ಎಣಿಸುವ ಮೊದಲು ಹರಳನ್ನು ತಕ್ಕಡಿಗೆ ಹಾಕಿಸಿ. ಪತ್ರದಲ್ಲಿ 3.12 ಇದ್ದು ತಕ್ಕಡಿ 3.40 ತೋರಿಸಿದರೆ, ಆ ಪತ್ರ ಬೇರೆ ಯಾವುದೋ ಹರಳಿನದು.